ಸತ್ಯದ ಬೆಲೆ ಯಾರು ತೆರಬೇಕು? ಅಂಕೋಲೆಯ ಉಪ್ಪು ಕಲಿಸುವ ಪಾಠ



ಗರಿಗಳ ಭಾನುವಾರ ನಮ್ಮ ಕರಾವಳಿಯ ಮಕ್ಕಳಿಗೆ ಬಹಳ ಇಷ್ಟದ ಹಬ್ಬ. ಎಳೆಯ ತೆಂಗಿನ ಗರಿಯನ್ನು ಹೆಣೆದು ಶಿಲುಬೆ ಮಾಡುವ ಸಂಭ್ರಮ, ಮೆರವಣಿಗೆಯ ಸಂಭ್ರಮ. ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಆ ಗರಿಯನ್ನು ಮನೆಯ ಪೀಠದ ಶಿಲುಬೆಯ ಹಿಂದೆ ಸಿಕ್ಕಿಸುತ್ತೇವೆ. ಮುಂದಿನ ವರ್ಷದ ವಿಭೂತಿ ಬುಧವಾರದವರೆಗೆ ಅದು ಅಲ್ಲಿಯೇ ಒಣಗುತ್ತಾ ಇರುತ್ತದೆ. ಆದರೆ ಗರಿ ಹಿಡಿದು ಜಯಕಾರ ಹಾಡಿದ ಅದೇ ಬಲಿಪೂಜೆಯಲ್ಲಿ ನಾವು ಪ್ರಭುವಿನ ಯಾತನೆಯ ವೃತ್ತಾಂತವನ್ನೂ ಕೇಳುತ್ತೇವೆ. ಜಯಕಾರಕ್ಕೂ ಶಿಲುಬೆಗೂ ನಡುವೆ ಇದ್ದದ್ದು ಐದೇ ದಿನ. ಆ ಐದು ದಿನಗಳಲ್ಲಿ ಸತ್ಯದ ಪರವಾಗಿ ನಿಂತವರು ಯಾರು, ಜಾರಿಕೊಂಡವರು ಯಾರು ಎಂಬುದೇ ಪವಿತ್ರ ವಾರದ ಕಥೆ.

ನಮ್ಮ ಊರಿನ ಚರಿತ್ರೆಯಲ್ಲಿಯೂ ಒಂದು ಗರಿಗಳ ಭಾನುವಾರವಿದೆ. ಅದು 1930ರ ಏಪ್ರಿಲ್ 13. ಹಳೆಯ ಪಂಚಾಂಗವನ್ನು ತೆಗೆದು ನೋಡಿದರೆ ಆ ವರ್ಷದ ಪಾಸ್ಖ ಹಬ್ಬ ಏಪ್ರಿಲ್ 20ರಂದು ಬಂದಿತ್ತು. ಅದರ ಹಿಂದಿನ ಭಾನುವಾರವೇ 13. ಅಂದು ನಮ್ಮ ದೇವಾಲಯಗಳಲ್ಲಿ ಗುರುಗಳು ಲತೀನ್ ಭಾಷೆಯಲ್ಲಿ ಮತ್ತಾಯನ ಶುಭಸಂದೇಶದ ಯಾತನೆಯ ವೃತ್ತಾಂತವನ್ನು ಓದಿದರು. ಅದೇ ದಿನ ಅಂಕೋಲೆಯಲ್ಲಿ ದೊಡ್ಡ ಜನಸ್ತೋಮದ ಎದುರಿಗೆ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಆರಂಭವಾದದ್ದು ಹೀಗೆ.

ನಮ್ಮ ಮಲ್ಲಾಪುರದಿಂದ ಅಂಕೋಲೆ ದೂರವೇನಲ್ಲ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಎಂದು ನಾವು ಆ ದಾರಿಯಲ್ಲಿ ಎಷ್ಟು ಸಲ ಹೋಗಿಬಂದಿದ್ದೇವೆ! ಆದರೂ ಅಲ್ಲಿ ನಡೆದದ್ದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ. ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಘಟನೆ, ದಿನನಿತ್ಯದ ಬಾಳಿನಲ್ಲಿ ಸತ್ಯವನ್ನು ಪ್ರೀತಿಸುವುದು ಹೇಗೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಾಗಿದೆ. ಆದುದರಿಂದ ಈ ಪವಿತ್ರ ವಾರದಲ್ಲಿ ಅದನ್ನು ನಿಮ್ಮೊಂದಿಗೆ ನೆನಪು ಮಾಡಿಕೊಳ್ಳಬೇಕೆನಿಸಿತು.

ಒಂದು ಹಿಡಿ ಉಪ್ಪು

1882ರ ಉಪ್ಪಿನ ಕಾಯಿದೆಯ ಪ್ರಕಾರ ಉಪ್ಪು ತಯಾರಿಸುವುದು, ಮಾರುವುದು ಎಲ್ಲವೂ ಬ್ರಿಟಿಷ್ ಸರ್ಕಾರದ ಹಿಡಿತದಲ್ಲಿತ್ತು. ಕಡಲ ದಡದಲ್ಲಿ ತಾನಾಗಿಯೇ ಹರಳುಗಟ್ಟಿದ ಉಪ್ಪನ್ನು ಬಡವನೊಬ್ಬ ಬಾಚಿಕೊಂಡು ಮನೆಗೆ ಒಯ್ದರೂ ಅದು ಅಪರಾಧ. ಉಪ್ಪಿನ ಮೇಲೆ ತೆರಿಗೆಯೂ ಇತ್ತು. 1923ರಲ್ಲಿ ಆ ತೆರಿಗೆಯನ್ನು ದುಪ್ಪಟ್ಟು ಮಾಡಿ, ಮರುವರ್ಷ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆಗೆ ಇಳಿಸಲಾಯಿತು. ಶ್ರೀಮಂತನಿಗೆ ಇದು ಲೆಕ್ಕಕ್ಕೇ ಬಾರದ ಹಣ. ಆದರೆ ಗಂಜಿಗೆ ಉಪ್ಪು ಹಾಕಿಕೊಂಡು ಉಣ್ಣುವ ಕೂಲಿಯವನಿಗೆ, ಮೀನಿಗೆ ಉಪ್ಪು ಹಾಕಿ ಒಣಗಿಸುವ ಬೆಸ್ತರ ಹೆಂಗಸಿಗೆ ಅದು ಭಾರ. ಕಡಲು ದೇವರದು, ಬಿಸಿಲು ದೇವರದು, ದುಡಿಮೆ ಬಡವನದು, ತೆರಿಗೆ ಮಾತ್ರ ಸರ್ಕಾರದ್ದು. ಕಾಯಿದೆಯ ಒಳಗಿದ್ದ ಈ ಸುಳ್ಳು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವವರು ಬೇಕಾಗಿತ್ತು.

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿ ಆಶ್ರಮದಿಂದ 78 ಮಂದಿ ಸಂಗಡಿಗರೊಂದಿಗೆ ದಂಡಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ನಮ್ಮ ಕರ್ನಾಟಕದಿಂದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಆ ತಂಡದಲ್ಲಿದ್ದರು. ಕೇರಳದ ಮಾರಾಮಣ್ಣಿನ ಟೈಟಸ್ ಎಂಬ ಕ್ರೈಸ್ತ ಯುವಕರೂ ಇದ್ದರು. ಆಶ್ರಮದ ಹಾಲಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಇವರು ಆ ಮೂಲ ತಂಡದ ಏಕೈಕ ಕ್ರೈಸ್ತರು. ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಒಂದು ಹಿಡಿ ಉಪ್ಪನ್ನು ಎತ್ತಿಕೊಂಡರು. ಒಂದು ವಾರ ಕಳೆಯುವಷ್ಟರಲ್ಲಿ ಅಂಕೋಲೆ ಎದ್ದು ನಿಂತಿತು.

ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕದ ಕಾಂಗ್ರೆಸ್ ನಾಯಕರು ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯನ್ನೇ ಆರಿಸಿಕೊಂಡರು. ಅಲ್ಲಿ ಕಡಲಿತ್ತು, ಉಪ್ಪುನೀರಿನ ಗಜನಿಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮಾತಿಗೆ ನಿಲ್ಲುವ ರೈತರಿದ್ದರು. ಉಪ್ಪು ತಯಾರಾಯಿತು, ಊರೂರಿಗೆ ಹಂಚಲಾಯಿತು, ಪೊಲೀಸರು ಬಂದರು, ಬಂಧನಗಳಾದವು. ಆ ವರ್ಷ ದೇಶದಲ್ಲಿ ಸೆರೆಮನೆಗೆ ಹೋದವರು 60 ಸಾವಿರಕ್ಕೂ ಹೆಚ್ಚು.

ಕಳ್ಳ ಉಪ್ಪಿಗೂ ಸತ್ಯಾಗ್ರಹದ ಉಪ್ಪಿಗೂ ಇರುವ ವ್ಯತ್ಯಾಸ

ಪ್ರಿಯರೇ, ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಾಯಿದೆ ಮುರಿಯುವುದನ್ನು ಸತ್ಯಪ್ರೀತಿ ಎನ್ನಬಹುದೇ? ನಮ್ಮ ಧರ್ಮೋಪದೇಶ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: “ಫಾದರ್, ಆಗ ಕದ್ದು ಉಪ್ಪು ಸಾಗಿಸುವವರೂ ಇದ್ದಿರಬೇಕಲ್ಲ? ಅವರೂ ಕಾಯಿದೆ ಮುರಿದರು, ಇವರೂ ಮುರಿದರು. ವ್ಯತ್ಯಾಸವೇನು?”

ಒಳ್ಳೆಯ ಪ್ರಶ್ನೆ. ಕಳ್ಳಸಾಗಣೆ ಮಾಡುವವನು ರಾತ್ರಿ ಹೋಗುತ್ತಾನೆ. ಸತ್ಯಾಗ್ರಹಿ ಹಗಲು ಹೋಗುತ್ತಾನೆ. ಕಳ್ಳ ತನ್ನ ಹೆಸರನ್ನು ಮುಚ್ಚಿಡುತ್ತಾನೆ. ಸತ್ಯಾಗ್ರಹಿ ಹೆಸರು ಕೊಟ್ಟೇ ಹೊರಡುತ್ತಾನೆ. ಗಾಂಧೀಜಿ ದಂಡಿಗೆ ಹೊರಡುವ ಮುನ್ನ ಮಾರ್ಚ್ 2ರಂದೇ ವೈಸರಾಯ್ ಇರ್ವಿನ್‌ರಿಗೆ ಪತ್ರ ಬರೆದು ತಾವು ಮಾಡಲಿರುವುದನ್ನು ತಿಳಿಸಿದ್ದರು. ಕಳ್ಳನು ಸಿಕ್ಕಿಬಿದ್ದರೆ ನುಣುಚಿಕೊಳ್ಳಲು ನೋಡುತ್ತಾನೆ. ಸತ್ಯಾಗ್ರಹಿ ಬಂಧಿಸಲು ಬಂದವನಿಗೆ ಕೈ ನೀಡುತ್ತಾನೆ. ಕಳ್ಳನ ಲಾಭ ಅವನದು, ನಷ್ಟ ಬೇರೆಯವರದು. ಸತ್ಯಾಗ್ರಹಿ ನಷ್ಟವನ್ನು ತಾನು ಇಟ್ಟುಕೊಂಡು ಲಾಭವನ್ನು ಎಲ್ಲರಿಗೂ ಬಿಡುತ್ತಾನೆ.

ಈ ಹೆಸರೇ ಹೇಗೆ ಬಂತೆಂದು ನೋಡಿ. ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಹೋರಾಟ 1906ರಲ್ಲಿ ಆರಂಭವಾದಾಗ ಅದಕ್ಕೊಂದು ಹೆಸರು ಬೇಕಾಯಿತು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಓದುಗರನ್ನೇ ಕೇಳಿದರು. ಮಗನ್‌ಲಾಲ್ ಗಾಂಧಿಯವರು “ಸದಾಗ್ರಹ” ಎಂದು ಸೂಚಿಸಿದರು. ಒಳ್ಳೆಯದರಲ್ಲಿ ದೃಢವಾಗಿರುವುದು ಎಂದು ಅದರ ಅರ್ಥ. ಗಾಂಧೀಜಿ ಅದನ್ನು “ಸತ್ಯಾಗ್ರಹ” ಎಂದು ತಿದ್ದಿದರು. ಸತ್ಯವನ್ನು ಬಿಡದೆ ಹಿಡಿದುಕೊಳ್ಳುವುದು. ಹಿಡಿದುಕೊಳ್ಳುವವನ ಕೈ ನೋಯುತ್ತದೆ. ಆ ನೋವನ್ನು ಎದುರಿನವನ ಮೇಲೆ ಹಾಕದೆ ತಾನೇ ಸಹಿಸುವುದು ಸತ್ಯಾಗ್ರಹದ ತಿರುಳು.

ಇನ್ನೊಂದು ವಿಷಯವನ್ನು ನಮ್ಮ ಹಿರಿಯರು ಬಲ್ಲರು. 1969ರಲ್ಲಿ ದೀಕ್ಷಾಸ್ನಾನದ ವಿಧಿ ಪರಿಷ್ಕರಣೆಯಾಗುವವರೆಗೆ ಗುರುಗಳು ಮಗುವಿನ ನಾಲಿಗೆಯ ಮೇಲೆ ಆಶೀರ್ವದಿಸಿದ ಉಪ್ಪಿನ ಒಂದೆರಡು ಹರಳು ಇಡುತ್ತಿದ್ದರು. ಅದು ಜ್ಞಾನದ ಗುರುತು, ಕೆಡದಂತೆ ಕಾಪಾಡುವುದರ ಗುರುತು. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದ್ದು ನಮಗೆ ಗೊತ್ತು. ಸಪ್ಪೆಯಾದ ಉಪ್ಪು ಬೀದಿಗೆ ಚೆಲ್ಲುವುದಕ್ಕಷ್ಟೇ ಯೋಗ್ಯವೆಂದು ಎಚ್ಚರಿಸಿದ್ದೂ ಗೊತ್ತು. 1930ರಲ್ಲಿ ಗೋವಾ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕಾರವಾರ ಸೀಮೆಯ ಪ್ರತಿಯೊಂದು ಕಥೋಲಿಕ ಮಗುವೂ ಉಪ್ಪಿನ ರುಚಿಯನ್ನು ಮೊದಲು ಕಂಡದ್ದು ದೇವಾಲಯದಲ್ಲಿ. ಮುಂದೆ 1953ರಲ್ಲಿ ನಾವು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆವು, 1976ರಲ್ಲಿ ಕಾರವಾರವೇ ಧರ್ಮಪ್ರಾಂತ್ಯವಾಯಿತು. ಅಷ್ಟರಲ್ಲಿ ಉಪ್ಪಿಡುವ ವಿಧಿ ನಿಂತುಹೋಗಿತ್ತು. ಆದರೆ ಅದರ ಅರ್ಥ ನಿಲ್ಲಲಿಲ್ಲ.

ಕರಬಂದಿ: ಬೆಲೆ ತೆತ್ತವರು

ಉಪ್ಪಿನ ಸತ್ಯಾಗ್ರಹಕ್ಕಿಂತ ಹೆಚ್ಚಿನ ಪರೀಕ್ಷೆ ಅನಂತರ ಬಂತು. ಜಗತ್ತಿನಾದ್ಯಂತ ಆರ್ಥಿಕ ಕುಸಿತವಾಗಿ ಬೆಳೆದ ಭತ್ತಕ್ಕೆ, ಅಡಿಕೆಗೆ ಬೆಲೆಯಿಲ್ಲದಾಗಿತ್ತು. ಕಂದಾಯ ಮಾತ್ರ ಇಳಿಯಲಿಲ್ಲ. ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ಜನ ಇದನ್ನು ಕರಬಂದಿ ಎಂದು ಕರೆದರು. ಈ ಹೋರಾಟದಿಂದಲೇ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದಿತು. 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಗಿ ಕಡಲತೀರದ ಹಳ್ಳಿಯವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು ಅನುಮತಿ ಸಿಕ್ಕಿತು. 1932ರಲ್ಲಿ ಮತ್ತೆ ಚಳವಳಿ ಆರಂಭವಾದಾಗ ಕರಬಂದಿ ಇನ್ನೂ ತೀವ್ರವಾಯಿತು.

ಸರ್ಕಾರ ಸುಮ್ಮನಿರಲಿಲ್ಲ. ದನಕರು, ಪಾತ್ರೆಪಗಡೆ ಜಪ್ತಿಯಾದವು. ಭೂಮಿ ಮುಟ್ಟುಗೋಲಾಯಿತು. ಹರಾಜಿನಲ್ಲಿ ಬೇರೆಯವರು ಕೊಂಡರು. ಎರಡೂ ತಾಲೂಕುಗಳಲ್ಲಿ ನೂರಾರು ಕುಟುಂಬಗಳು ಹೀಗೆ ಭೂಮಿ ಕಳೆದುಕೊಂಡವು. ಭೂಮಿ ಎಂದರೆ ರೈತನಿಗೆ ಏನೆಂದು ನಮ್ಮ ಮಲ್ಲಾಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಳಿ ನದಿಗೆ ಅಣೆಕಟ್ಟುಗಳು ಬಂದಾಗ, ಕೈಗಾ ಯೋಜನೆ ಬಂದಾಗ ಮನೆ ಹೊಲ ಬಿಟ್ಟು ಬಂದವರು ನಮ್ಮ ನಡುವೆ ಇದ್ದಾರೆ. ತನ್ನ ಅಜ್ಜ ನೆಟ್ಟ ಮಾವಿನಮರವನ್ನು ಬಿಟ್ಟುಬರುವ ಸಂಕಟ ಅವರಿಗೆ ಗೊತ್ತು. ಅಂಕೋಲೆಯ ರೈತರಿಗೆ ಅದನ್ನು ತಪ್ಪಿಸಿಕೊಳ್ಳುವ ದಾರಿ ಕೈಯಲ್ಲೇ ಇತ್ತು. ಗುಟ್ಟಾಗಿ ಹೋಗಿ ಕಂದಾಯ ಕಟ್ಟಿ, ಊರಿನಲ್ಲಿ ಕಟ್ಟಿಲ್ಲವೆಂದು ಹೇಳಿದ್ದರೆ ಸಾಕಿತ್ತು. ಭೂಮಿಯೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆ ಒಂದು ಸುಳ್ಳನ್ನು ಆಡದೆ ಅವರು ಭೂಮಿ ಬಿಟ್ಟರು.

ಸಿದ್ದಾಪುರದ ಕಡೆಯ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಟ್ಟುಗೋಲಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಹೋಗಿ ಉಪವಾಸ ಕುಳಿತರು. ಅವರು ಕೊಂಡವನನ್ನು ಬಯ್ಯಲಿಲ್ಲ, ಬೇಲಿ ಕೀಳಲಿಲ್ಲ. ಅನ್ಯಾಯವಾಗಿ ಬಂದದ್ದು ನಿಮಗೆ ಬೇಡ ಎಂಬುದನ್ನು ತಮ್ಮ ಹಸಿವಿನ ಮೂಲಕ ಹೇಳಿದರು. ಆ ತಾಯಂದಿರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ಜೋಗಕ್ಕೆ ಹೋಗುವವರು ಒಮ್ಮೆ ನಿಂತು ನೋಡಬಹುದು. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಗಾಗಿ ಕಾರವಾರ, ಅಂಕೋಲೆ, ಶಿರಸಿ, ಸಿದ್ದಾಪುರಗಳಿಗೆ ಬಂದಾಗ ಈ ಕಷ್ಟಗಳನ್ನು ಅನುಭವಿಸಿದ ಜನರನ್ನು ಕಣ್ಣಾರೆ ಕಂಡರು.

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಬಂದ ಮೇಲೆ ಮುಟ್ಟುಗೋಲಾದ ಭೂಮಿಯನ್ನು ಹಿಂದಿರುಗಿಸಲು ಕಾನೂನಾಯಿತು. ಉಪ್ಪಿನ ತೆರಿಗೆ 1947ರಲ್ಲಿ ರದ್ದಾಯಿತು. ಆದರೆ 1932ರಲ್ಲಿ ಭೂಮಿ ಬಿಟ್ಟವನಿಗೆ ಅದು ಮರಳಿ ಬರುತ್ತದೆಂಬ ಭರವಸೆ ಏನೂ ಇರಲಿಲ್ಲ. ಕೊಟ್ಟ ಮಾತು ಉಳಿಯಬೇಕು ಎಂಬುದೊಂದೇ ಅವನಿಗೆ ಗೊತ್ತಿತ್ತು.

ಬೆಲೆ ತೆತ್ತವರಿಗೆ ಬೆಲೆ ತೆತ್ತವರ ಗುರುತು ಹತ್ತುತ್ತದೆ. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ, 1952ರಲ್ಲಿ, ಈ ಜಿಲ್ಲೆಯ ಜನ ಲೋಕಸಭೆಗೆ ಕಳಿಸಿದ್ದು ಜೋಕಿಂ ಆಳ್ವ ಎಂಬ ಕಥೋಲಿಕರನ್ನು. ಉಡುಪಿ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ್ದ ಅವರು ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು. ಅವರ ಪತ್ನಿ ವಯೊಲೆಟ್ ಆಳ್ವ 1943ರಲ್ಲಿ ಐದು ತಿಂಗಳ ಹಸುಗೂಸಿನೊಂದಿಗೆ ಸೆರೆಮನೆಗೆ ಹೋದರು. ಮುಂದೆ ರಾಜ್ಯಸಭೆಯ ಉಪಸಭಾಪತಿಯಾದರು. 1957 ಮತ್ತು 1962ರಲ್ಲಿಯೂ ಇಲ್ಲಿಯ ಜನ ಜೋಕಿಂ ಆಳ್ವರನ್ನೇ ಆರಿಸಿದರು. ನಮ್ಮ ಸಮುದಾಯದ ಸಂಖ್ಯೆ ಇಲ್ಲಿ ಎಷ್ಟು ಚಿಕ್ಕದೆಂದು ನಿಮಗೆ ಗೊತ್ತು. ನಮ್ಮ ಸಂಖ್ಯೆಯನ್ನು ನೋಡಿ ಯಾರೂ ಅವರಿಗೆ ಮತ ಹಾಕಲಿಲ್ಲ.

ಪಿಲಾತನ ಕೈ, ಪೇತ್ರನ ಕಣ್ಣೀರು

ಈಗ ಪವಿತ್ರ ವಾರಕ್ಕೆ ಮರಳೋಣ. ಶುಭ ಶುಕ್ರವಾರದಂದು ಸಂತ ಯೊವಾನ್ನರ ಶುಭಸಂದೇಶದಿಂದ ಯಾತನೆಯ ವೃತ್ತಾಂತವನ್ನು ಕೇಳುವಾಗ ಪಿಲಾತನನ್ನು ಗಮನಿಸಿ. ತಾನು ಸತ್ಯಕ್ಕೆ ಸಾಕ್ಷಿ ಕೊಡಲು ಬಂದವನೆಂದು ಯೇಸುಸ್ವಾಮಿ ಅವನ ಮುಂದೆ ಹೇಳುತ್ತಾರೆ. ಸತ್ಯವೆಂದರೇನು ಎಂದು ಅವನು ಕೇಳುತ್ತಾನೆ. ಉತ್ತರಕ್ಕೆ ಕಾಯದೆ ಹೊರಗೆ ಹೋಗುತ್ತಾನೆ. ಅವನಿಗೆ ಸತ್ಯ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯನಲ್ಲಿ ಅಪರಾಧ ಕಾಣುವುದಿಲ್ಲವೆಂದು ಮತ್ತೆ ಮತ್ತೆ ಹೇಳಿದವನು ಅವನೇ. ಆದರೆ ಇವನನ್ನು ಬಿಟ್ಟರೆ ನೀನು ಚಕ್ರವರ್ತಿಯ ಮಿತ್ರನಲ್ಲ ಎಂಬ ಮಾತು ಬಂದ ಕೂಡಲೇ ಸತ್ಯಕ್ಕೆ ಒಂದು ಬೆಲೆಯಿದೆ, ಅದು ತನ್ನ ಕುರ್ಚಿ ಎಂಬುದು ಅವನಿಗೆ ಹೊಳೆಯಿತು. ಆ ಬೆಲೆಯನ್ನು ಅವನು ಕೊಡಲಿಲ್ಲ. ಕೈ ತೊಳೆದುಕೊಂಡ. ಬೆಲೆಯನ್ನು ನಿರ್ದೋಷಿಯೊಬ್ಬ ಶಿಲುಬೆಯ ಮೇಲೆ ಕೊಟ್ಟ.

ಅದರ ಹಿಂದಿನ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದ ಪೇತ್ರನೂ ಸುಳ್ಳಾಡಿದ. ಕೇಳಿದವಳು ಒಬ್ಬ ಕೆಲಸದ ಹುಡುಗಿ. ಎಷ್ಟು ಸಣ್ಣ ಸುಳ್ಳು! ನಾನು ಅವನನ್ನು ಅರಿಯೆ ಎಂದಷ್ಟೇ. ಆದರೆ ಪೇತ್ರ ಕೈ ತೊಳೆಯಲಿಲ್ಲ, ಹೊರಗೆ ಹೋಗಿ ಅತ್ತ. ಮುಂದೆ ರೋಮ್‌ನಲ್ಲಿ ಅದೇ ಹೆಸರಿಗಾಗಿ ಪ್ರಾಣ ಕೊಟ್ಟ. ಪಿಲಾತನಿಗೂ ಪೇತ್ರನಿಗೂ ಇರುವ ವ್ಯತ್ಯಾಸ ಇಷ್ಟೇ. ತಾನು ತೆರದ ಬೆಲೆಯನ್ನು ಯಾರು ತೆತ್ತರೆಂದು ಒಬ್ಬ ನೋಡಲಿಲ್ಲ, ಇನ್ನೊಬ್ಬ ತಿರುಗಿ ನೋಡಿದ.

ಸತ್ಯಕ್ಕೆ ಬೆಲೆಯುಂಟು. ಅದನ್ನು ಸತ್ಯ ಹೇಳುವವನು ಆ ಕೂಡಲೇ, ತನ್ನ ಕೈಯಿಂದ ಕೊಡುತ್ತಾನೆ. ಸುಳ್ಳಿಗೂ ಬೆಲೆಯುಂಟು. ಅದನ್ನು ಬೇರೆ ಯಾರೋ, ಬಹಳ ದಿನಗಳ ನಂತರ ಕೊಡುತ್ತಾರೆ. ಆದುದರಿಂದಲೇ ಸುಳ್ಳು ನಮಗೆ ಅಗ್ಗವಾಗಿ ಕಾಣುತ್ತದೆ.

ನನ್ನ ಪುಸ್ತಕದ ಒಂದು ಪುಟ

ಇದನ್ನು ನಾನು ಸೆಮಿನರಿಯ ಪಾಠದಲ್ಲಿ ಕಲಿಯಲಿಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ ನಾನು ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ದಿನ ತಾಯಿಯೊಬ್ಬರು ಮಗನ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಬಂದರು. ಹುಡುಗನಿಗೆ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ವಯಸ್ಸು ಕೆಲವೇ ತಿಂಗಳು ಮೀರಿತ್ತು. “ಫಾದರ್, ಹುಟ್ಟಿದ ವರ್ಷ ಒಂದು ಮುಂದೆ ಬರೆದುಕೊಡಿ. ನೀವು ಬರೆದರೆ ಯಾರೂ ಕೇಳುವುದಿಲ್ಲ. ಇವನ ಅಪ್ಪ ಇಲ್ಲ, ಮನೆ ನಡೆಯಬೇಕು” ಎಂದು ಅತ್ತರು. ಆಗುವುದಿಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಮೂಲ ಪುಸ್ತಕವನ್ನು ಮುಟ್ಟಲಿಲ್ಲ, ಪತ್ರದಲ್ಲಿ ಮಾತ್ರ ಅವರು ಹೇಳಿದ ವರ್ಷವನ್ನು ಬರೆದು ಸಹಿ ಹಾಕಿ ಮುದ್ರೆ ಒತ್ತಿದೆ. ಬಡ ವಿಧವೆಗೆ ಉಪಕಾರ ಮಾಡಿದೆನೆಂಬ ಸಮಾಧಾನವೂ ಆಯಿತು.

ಹುಡುಗನಿಗೆ ಕೆಲಸ ಸಿಕ್ಕಿತು. ಎರಡು ವರ್ಷಗಳ ನಂತರ ದಾಖಲೆಗಳ ಪರಿಶೀಲನೆ ನಡೆಯಿತು. ಬಂದವರು ಮೂಲ ಪುಸ್ತಕವನ್ನು ತೋರಿಸಿ ಎಂದರು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಅಲ್ಲಿದ್ದ ವಯಸ್ಸಾದ ಗುರುಗಳು ಪುಸ್ತಕ ತೆರೆದು ಇದ್ದದ್ದನ್ನು ತೋರಿಸಿದರು. ನನ್ನ ಸಹಿಗಾಗಿ ತಲೆ ತಗ್ಗಿಸಿದವರು ಅವರು. ಕೆಲಸ ಕಳೆದುಕೊಂಡವನು ಆ ಹುಡುಗ. ಅಷ್ಟರಲ್ಲಿ ಅವನ ವಯಸ್ಸು ಬೇರೆ ಕೆಲಸಗಳಿಗೂ ಮೀರಿತ್ತು. ನಾನು ನನ್ನ ತಪ್ಪನ್ನು ಒಪ್ಪಿಕೊಂಡು ಪತ್ರ ಬರೆದೆ. ಅದರಿಂದ ಅವನ ಕೆಲಸವೇನೂ ಮರಳಲಿಲ್ಲ. ಅವನು ನನ್ನನ್ನು ನೋಡಲು ಬಂದಾಗ ಕೋಪ ಮಾಡಲಿಲ್ಲ. “ಫಾದರ್, ಆ ದಿನ ನೀವು ಆಗುವುದಿಲ್ಲ ಎಂದಿದ್ದರೆ ಅಮ್ಮ ಎರಡು ದಿನ ಅಳುತ್ತಿದ್ದಳು, ಅಷ್ಟೇ” ಎಂದ.

ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ನಾನು ಅದನ್ನು ಕರುಣೆ ಎಂದುಕೊಂಡಿದ್ದೆ. ನಿಜವಾಗಿ, ಎದುರಿಗೆ ಅಳುವ ಒಬ್ಬ ತಾಯಿಗೆ ಇಲ್ಲವೆನ್ನುವ ಕಷ್ಟವನ್ನು ನಾನು ತಪ್ಪಿಸಿಕೊಂಡಿದ್ದೆ. ನಾನು ತೆರಬೇಕಾಗಿದ್ದ ಐದು ನಿಮಿಷದ ಸಂಕಟವನ್ನು ಅವನು ತನ್ನ ಬಾಳಿನಿಂದ ತೆತ್ತ. ಪಾಪನಿವೇದನೆಯಲ್ಲಿ ನನಗೆ ಕ್ಷಮೆ ಸಿಕ್ಕಿದೆ. ಆದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗಲೆಲ್ಲ ನಾನು ಮೂಲ ಪುಸ್ತಕವನ್ನು ಎರಡು ಸಲ ನೋಡುತ್ತೇನೆ.

ದಿನನಿತ್ಯದ ಸತ್ಯಾಗ್ರಹ

ನಮ್ಮ ಮಲ್ಲಾಪುರದ ಧರ್ಮಕೇಂದ್ರದ ಅನೇಕರು ಕೈಗಾ ಸ್ಥಾವರದಲ್ಲಿ ದುಡಿಯುತ್ತಾರೆ. ಅಲ್ಲಿಯ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಸತತವಾಗಿ 962 ದಿನ ನಡೆದು ವಿಶ್ವದಾಖಲೆ ಮಾಡಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಾಳಿಯಲ್ಲಿ ಕೆಲಸ ಮಾಡುವ ನಮ್ಮ ಸಹೋದರರೊಬ್ಬರು ಒಮ್ಮೆ ನನಗೆ ಹೇಳಿದರು: “ಫಾದರ್, ನಮ್ಮ ಲಾಗ್‌ಬುಕ್ಕಿನಲ್ಲಿ ಮೀಟರು ತೋರಿಸಿದ್ದನ್ನೇ ಬರೆಯಬೇಕು. ಇರಬೇಕಾದದ್ದನ್ನು ಬರೆದರೆ ಮುಂದಿನ ಪಾಳಿಯವನು ಕಷ್ಟಕ್ಕೆ ಸಿಗುತ್ತಾನೆ.” ನಾನು ಇದಕ್ಕಿಂತ ಒಳ್ಳೆಯ ಪ್ರಬೋಧನೆಯನ್ನು ಕೇಳಿಲ್ಲ. ನಮ್ಮ ಪ್ರತಿಯೊಂದು ಮಾತಿಗೂ ಒಬ್ಬ ಮುಂದಿನ ಪಾಳಿಯವನು ಇದ್ದಾನೆ. ನಾವು ಬರೆದಿಟ್ಟದ್ದನ್ನು ನಂಬಿ ಅವನು ಹೆಜ್ಜೆ ಇಡುತ್ತಾನೆ.

ಮದುವೆಯ ಸಂಬಂಧ ನೋಡುವಾಗ ಹುಡುಗನ ಕುಡಿತವನ್ನು ಮುಚ್ಚಿಟ್ಟರೆ ಮುಂದಿನ ಪಾಳಿಯವಳು ಆ ಹುಡುಗಿ. ಆಸ್ತಿ ಪಾಲಾಗುವಾಗ ಊರಿನಲ್ಲಿಲ್ಲದ ತಂಗಿಯ ಹೆಸರನ್ನು ಬಿಟ್ಟರೆ ಮುಂದಿನ ಪಾಳಿಯವರು ಅವಳ ಮಕ್ಕಳು. ಮೀನಿನ ಪೇಟೆಯಲ್ಲಿ ನಿನ್ನೆಯ ಬಂಗಡೆಯನ್ನು ಇಂದಿನದೆಂದು ಮಾರಿದರೆ, ಅಂಗಡಿಯ ತಕ್ಕಡಿಗೆ ಬೆರಳು ತಾಗಿಸಿದರೆ, ಸೊಸೈಟಿಯ ಸಾಲಕ್ಕೆ ಸುಳ್ಳು ಜಾಮೀನು ಹಾಕಿದರೆ, ಪ್ರತಿಯೊಂದಕ್ಕೂ ಬೆಲೆ ತೆರುವವನು ಒಬ್ಬನಿದ್ದಾನೆ, ಅವನು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಫೋನಿನಲ್ಲಿ ಬಂದ ಸುದ್ದಿಯನ್ನು ನಿಜವೋ ಸುಳ್ಳೋ ನೋಡದೆ ನಾಲ್ಕು ಗುಂಪಿಗೆ ಕಳಿಸುವಾಗಲೂ ಇದೇ ಮಾತು. ಎಂಟನೆಯ ಆಜ್ಞೆ ಸುಳ್ಳುಸಾಕ್ಷಿ ಬೇಡವೆನ್ನುವುದು ನೆರೆಯವನ ವಿಷಯದಲ್ಲಿ. ದೇವರು ಸುಳ್ಳಿನ ಹಿಂದೆ ನೋಯುವ ನೆರೆಯವನನ್ನು ನೋಡುತ್ತಾರೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎಂದು ನಮ್ಮ ಗಾದೆ. ಹೌದು, ಒದೆ ಬೀಳುತ್ತದೆ. ಆದರೆ ಒಂದು ಎಚ್ಚರಿಕೆ. ಕೆಲವರು ಸತ್ಯ ಹೇಳುತ್ತೇವೆಂದು ಬೇರೆಯವರ ಎದೆಗೆ ತಾವೇ ಒದೆಯುತ್ತಾರೆ. ನೆರೆಮನೆಯ ಹುಡುಗಿಯ ತಪ್ಪನ್ನು ಬೀದಿಗೆಲ್ಲ ಹೇಳಿ, ನಾನು ಸುಳ್ಳು ಹೇಳಿದೆನೇ ಎಂದು ಕೇಳುತ್ತಾರೆ. ಸುಳ್ಳಲ್ಲ, ಆದರೆ ಅದು ಸತ್ಯಪ್ರೀತಿಯೂ ಅಲ್ಲ. ಅಂಕೋಲೆಯ ರೈತರನ್ನು, ಸಿದ್ದಾಪುರದ ತಾಯಂದಿರನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ. ನಾನು ಹೇಳುವ ಸತ್ಯಕ್ಕೆ ನಾನು ಏನು ತೆರುತ್ತಿದ್ದೇನೆ? ನನಗೆ ಏನೂ ಖರ್ಚಿಲ್ಲದೆ ಎದುರಿನವನಿಗೆ ಮಾತ್ರ ನೋವಾಗುವುದಾದರೆ ಒಮ್ಮೆ ನಿಂತು ಯೋಚಿಸಬೇಕು.

ತಂದೆತಾಯಂದಿರೇ, ನಿಮಗೆ ಒಂದು ಮಾತು. ಮಗು ಲೋಟ ಒಡೆದು ಬಂದು ತಾನೇ ಒಡೆದೆ ಎಂದು ಹೇಳಿದಾಗ ನಾವು ಬಯ್ಯುತ್ತೇವೆ. ಬೆಕ್ಕು ಒಡೆಯಿತು ಎಂದರೆ ಬಿಡುತ್ತೇವೆ. ಹೀಗೆ ಸತ್ಯಕ್ಕೆ ಶಿಕ್ಷೆ, ಸುಳ್ಳಿಗೆ ಬಿಡುಗಡೆ ಎಂಬ ಪಾಠವನ್ನು ನಮ್ಮ ಮನೆಗಳಲ್ಲಿಯೇ ಕಲಿಸುತ್ತಿದ್ದೇವೆ. ನಿಜ ಹೇಳಿದ ಮಗುವನ್ನು ಮೊದಲು ಹತ್ತಿರ ಕರೆಯಿರಿ. ಒಡೆದ ಚೂರನ್ನು ಅವನೊಂದಿಗೆ ಕೂಡಿ ಆರಿಸಿರಿ. ಬಾಗಿಲಿಗೆ ಬಂದವರಿಗೆ ಅಪ್ಪ ಮನೆಯಲ್ಲಿಲ್ಲವೆಂದು ಹೇಳಲು ಅವನನ್ನು ಕಳಿಸಬೇಡಿ.

ಜಕ್ಕಾಯನ ಮನೆಗೆ ಪ್ರಭು ಊಟಕ್ಕೆ ಹೋದಾಗ ಅವನು ತನ್ನ ಪಾಪಗಳ ವಿಷಯದಲ್ಲಿ ಉದ್ದ ಭಾಷಣ ಮಾಡಲಿಲ್ಲ. ಯಾರಿಂದ ಮೋಸದಿಂದ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಬೇರೆಯವರು ತನಗಾಗಿ ತೆತ್ತ ಬೆಲೆಯನ್ನು ಹಿಂದಕ್ಕೆ ಕೊಡಲು ಹೊರಟ. ಅಂದೇ ಅವನ ಮನೆಗೆ ರಕ್ಷಣೆ ಬಂತು.

ಈ ಪವಿತ್ರ ವಾರದಲ್ಲಿ ಪಾಪನಿವೇದನೆಗೆ ಬರುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ನನ್ನ ಸುಳ್ಳಿನ ಬೆಲೆಯನ್ನು ಈಗ ಯಾರು ತೆರುತ್ತಿದ್ದಾರೆ? ಒಂದು ಹೆಸರು ನೆನಪಿಗೆ ಬಂದರೆ ಆ ಮನೆಗೆ ಹೋಗೋಣ. ಪತ್ರ ತಿದ್ದಬಹುದಾದರೆ ತಿದ್ದೋಣ, ಹಣ ಕೊಡಬೇಕಾದರೆ ಕೊಡೋಣ, ಕ್ಷಮೆ ಕೇಳುವುದೊಂದೇ ಉಳಿದಿದ್ದರೆ ಅದನ್ನಾದರೂ ಕೇಳೋಣ. ಹಗಲಿನಲ್ಲಿ, ನಮ್ಮ ಹೆಸರು ಹೇಳಿಕೊಂಡೇ ಹೋಗೋಣ. 1930ರ ಗರಿಗಳ ಭಾನುವಾರದಂದು ಅಂಕೋಲೆಯವರು ಉಪ್ಪಿಗೆ ಹೋದದ್ದು ಹಾಗೆಯೇ.

ಸತ್ಯಕ್ಕೆ ಸಾಕ್ಷಿಯಾಗಿ ನಮ್ಮೆಲ್ಲರ ಬೆಲೆಯನ್ನು ತಾವೇ ತೆತ್ತ ಪ್ರಭು ಯೇಸುಸ್ವಾಮಿ ನಮ್ಮ ಮನೆಗಳ ಉಪ್ಪನ್ನು ಸಪ್ಪೆಯಾಗದಂತೆ ಕಾಪಾಡಲಿ. ತಮ್ಮೆಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು.